ಹಲ್ಲಿಗೆ ‘ನಾಳೆ ಬಾ’ ಅಂದವರ ಕಥೆ

ನನಗೆ ಹಲ್ಲಿ ಅಂದರೆ ಭಯ. ಹೇಳಿಕೊಳ್ಳಲು ನಾಚಿಕೆ, ಆದರೂ ಇಲ್ಲಿಂದಲೇ ಶುರು ಮಾಡಬೇಕು. ವಯಸ್ಸು ನಲವತ್ತರ ಹತ್ತಿರ ಬಂದಿದೆ. ಮನೆ ಸಾಲದ ಕಂತು ಕಟ್ಟುತ್ತೇನೆ, ಆಫೀಸಿನಲ್ಲಿ ಜಗಳ ಬಿಡಿಸುತ್ತೇನೆ, ಆಟೋದವರ ಜೊತೆ ಚೌಕಾಸಿ ಮಾಡುತ್ತೇನೆ. ಆದರೆ ರಾತ್ರಿ ಹನ್ನೊಂದಕ್ಕೆ ಬಚ್ಚಲಿನ ಲೈಟ್ ಹಾಕಿದಾಗ ಗೀಸರ್ ಹಿಂದಿನಿಂದ ಒಂದು ಬಾಲದ ತುದಿ ಕಂಡರೆ ಸಾಕು, ಅಷ್ಟೂ ಧೈರ್ಯ ಅಲ್ಲೇ ಬಿದ್ದುಹೋಗುತ್ತದೆ. ಒಂದು ಸಲ ಹಾಗೆ ಹಿಂದಕ್ಕೆ ಹಾರಿ, ಒದ್ದೆ ನೆಲದಲ್ಲಿ ಜಾರಿ, ಮೊಣಕೈ ಊದಿಸಿಕೊಂಡು ಒಂದು ವಾರ ಓಡಾಡಿದೆ. ಹಲ್ಲಿಗೆ ಏನೂ ಆಗಲಿಲ್ಲ.

ಈಗ ಲೆಕ್ಕ ಹಾಕೋಣ. ಮನೆ ಹಲ್ಲಿಗೆ ವಿಷ ಇಲ್ಲ. ‘ಸಾರಿನಲ್ಲಿ ಹಲ್ಲಿ ಬಿದ್ದರೆ ಸಾಯ್ತಾರೆ’ ಅನ್ನುವುದು ನಾವು ಕೇಳುತ್ತಾ ಬೆಳೆದ ಮಾತು. ಬಿದ್ದ ಸಾರನ್ನು ಚೆಲ್ಲಬೇಕು ನಿಜ, ಆದರೆ ಅದು ವಿಷಕ್ಕಲ್ಲ, ಅದರ ಮೈಮೇಲಿನ ಕೊಳಕಿಗೆ, ಕ್ರಿಮಿಗೆ. ಅದು ತಿನ್ನುವುದು ಸೊಳ್ಳೆ, ಪತಂಗ, ಚಿಕ್ಕ ಜಿರಳೆ. ಅಂದರೆ ಬಾಡಿಗೆ ಕೊಡದಿದ್ದರೂ ಮನೆಗೆಲಸ ಮಾಡಿಕೊಡುವ ಬಾಡಿಗೆದಾರ.

ಹಾವಿನ ಮಾತು ಬೇರೆ. ಭಾರತದಲ್ಲಿ ಹಾವು ಕಚ್ಚಿ ಸಾಯುವವರು ವರ್ಷಕ್ಕೆ ಸರಾಸರಿ 58,000 ಅಂತ ಒಂದು ದೊಡ್ಡ ಅಧ್ಯಯನದ ಅಂದಾಜು. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ಗದ್ದೆಗೆ ರಾತ್ರಿ ನೀರು ಕಟ್ಟಲು ಹೋಗುವವರು ಟಾರ್ಚ್ ಹಾಕಿ ನೆಲ ನೋಡಿಕೊಂಡು ಹೆಜ್ಜೆ ಇಡುತ್ತಾರಲ್ಲ, ಅದು ಭಯವೇ, ಆದರೆ ಕೆಲಸಕ್ಕೆ ಬರುವ ಭಯ. ನನ್ನದು ಯಾವ ಕೆಲಸಕ್ಕೂ ಬಾರದ ಭಯ. ಅಪಾಯ ಎಷ್ಟಿದೆಯೋ ಭಯ ಅಷ್ಟೇ ಇದ್ದರೆ ಅದು ಎಚ್ಚರಿಕೆ. ಅಪಾಯ ಸಾಸಿವೆಯಷ್ಟು, ಭಯ ಕುಂಬಳಕಾಯಿಯಷ್ಟು ಇದ್ದು, ಅದಕ್ಕಾಗಿ ನೀವು ದಿನದ ಕೆಲಸವನ್ನೇ ಬದಲಾಯಿಸಿಕೊಳ್ಳುತ್ತಿದ್ದರೆ, ಅದೂ ತಿಂಗಳುಗಟ್ಟಲೆ, ಆಗ ಡಾಕ್ಟರುಗಳು ಅದನ್ನು ಫೋಬಿಯಾ ಅನ್ನುತ್ತಾರೆ.

‘ಹಲ್ಲಿ ಏನೂ ಮಾಡಲ್ಲ’ ಅಂತ ನನಗೆ ಎಲ್ಲರೂ ಹೇಳಿದ್ದಾರೆ. ನನಗೆ ಗೊತ್ತು ಸ್ವಾಮಿ! ಗೊತ್ತಿದ್ದರೂ ಹೆದರಿಕೆ ಹೋಗುವುದಿಲ್ಲ ಅನ್ನುವುದೇ ಸಮಸ್ಯೆ. ಮಿದುಳಿನ ಒಳಗೆ ಬಾದಾಮಿ ಆಕಾರದ ಅಮಿಗ್ಡಲ ಅನ್ನುವ ಭಾಗ ಇದೆ, ಎರಡೂ ಕಡೆ ಒಂದೊಂದು. ಅಪಾಯದ ವಾಸನೆ ಬಂದ ಕೂಡಲೇ ಗಂಟೆ ಬಾರಿಸುವುದು ಅದರ ಕೆಲಸ. ಯೋಚನೆ ಮಾಡುವ ಭಾಗ ‘ತಡಿ, ಅದು ಹಲ್ಲಿ ಅಷ್ಟೇ’ ಅಂತ ಹೇಳುವ ಹೊತ್ತಿಗೆ ಎದೆ ಹೊಡೆದುಕೊಳ್ಳುತ್ತಿರುತ್ತದೆ, ಕಾಲು ಆಗಲೇ ಹಾಲ್‌ಗೆ ಬಂದಿರುತ್ತದೆ. ಗಂಟೆ ಬಾರಿಸುವವನಿಗೆ ಭಾಷೆ ಬರುವುದಿಲ್ಲ ಅಂದುಕೊಳ್ಳಿ. ಬೈದರೂ ಅಷ್ಟೇ, ತಿಳಿಹೇಳಿದರೂ ಅಷ್ಟೇ. ಅವನಿಗೆ ಅರ್ಥವಾಗುವುದು ಕಣ್ಣಾರೆ ಕಂಡದ್ದು, ಮೈಯಾರೆ ಅನುಭವಿಸಿದ್ದು.

(ಇಡೀ ಭಯವೇ ಅಲ್ಲಿ ಕೂತಿದೆ ಅಂತಲೂ ಅಲ್ಲ. ಅಪರೂಪದ ಕಾಯಿಲೆಯಿಂದ ಎರಡೂ ಅಮಿಗ್ಡಲ ಹಾಳಾದ ಅಮೆರಿಕದ ಒಬ್ಬ ಮಹಿಳೆಗೆ ಹಾವು ಕೈಗೆ ಕೊಟ್ಟರೂ ಭಯವಿಲ್ಲ, ಕುತೂಹಲದಿಂದ ಸವರುತ್ತಿದ್ದರು. ಅಂಥವರಿಗೂ ಇಂಗಾಲದ ಡೈಆಕ್ಸೈಡ್ ಜಾಸ್ತಿ ಇರುವ ಗಾಳಿ ಉಸಿರಾಡಿಸಿದಾಗ ಗಾಬರಿಯಾಯಿತು. ಈ ವರದಿ ಬಂದದ್ದು 2013ರಲ್ಲಿ. ಹೊರಗಿನ ಭಯಕ್ಕೆ ಒಂದು ದಾರಿ, ಒಳಗಿನಿಂದ ಏಳುವ ಭಯಕ್ಕೆ ಇನ್ನೊಂದು.)

ಈ ಗಂಟೆಯವನಿಗೆ ಹಲ್ಲಿ ಅಪಾಯ ಅಂತ ಹೇಳಿಕೊಟ್ಟವರು ಯಾರು? ನನ್ನ ವಿಷಯದಲ್ಲಿ, ಅಮ್ಮ. ಅವರಿಗೆ ಹೇಳಿಕೊಟ್ಟವರು ಅವರ ಅಮ್ಮ ಇರಬೇಕು. ನಮ್ಮ ಮನೆಯಲ್ಲಿ ಹಲ್ಲಿ ಲೊಚಗುಟ್ಟಿದರೆ ಬೆರಳಿನಿಂದ ನೆಲ ತಟ್ಟಿ ‘ಕೃಷ್ಣ ಕೃಷ್ಣ’ ಅನ್ನುತ್ತಿದ್ದರು. ಮೈಮೇಲೆ ಬಿದ್ದರೆ ಪಂಚಾಂಗ ತೆಗೆದು ನೋಡುತ್ತಿದ್ದರು: ತಲೆಯ ಮೇಲೆ ಬಿದ್ದರೆ ಏನು, ಬಲ ಭುಜವಾದರೆ ಏನು, ಎಡಗಾಲಾದರೆ ಏನು. ದೋಷ ಕಳೆಯಲು ಕಂಚಿಯ ವರದರಾಜ ಸ್ವಾಮಿ ದೇವಸ್ಥಾನದ ಬಂಗಾರದ ಹಲ್ಲಿ ಮುಟ್ಟಿ ಬಂದವರನ್ನು ಮುಟ್ಟಿದರೂ ಆಯಿತು ಅಂತ ಇನ್ನೊಂದು ದಾರಿ. ಮಗುವಾಗಿ ನೋಡುತ್ತಾ ಕೂತವರಿಗೆ ಒಂದಂತೂ ಖಾತ್ರಿ ಆಗುತ್ತದೆ. ದೊಡ್ಡವರು ಇಷ್ಟು ತಲೆಕೆಡಿಸಿಕೊಳ್ಳುತ್ತಿದ್ದಾರೆ ಅಂದರೆ ಇದು ಸಣ್ಣ ಪ್ರಾಣಿ ಅಲ್ಲ.

ನೋಡಿ ಕಲಿಯುವ ಭಯ ಎಷ್ಟು ಬೇಗ ಅಂಟುತ್ತದೆ ಅಂತ ಸೂಸನ್ ಮಿನೆಕ, ಮೈಕೆಲ್ ಕುಕ್ ಅನ್ನುವ ಇಬ್ಬರು ಅಮೆರಿಕದಲ್ಲಿ ಕೋತಿಗಳ ಮೇಲೆ ಪರೀಕ್ಷೆ ಮಾಡಿದರು. ಲ್ಯಾಬಿನಲ್ಲೇ ಹುಟ್ಟಿ ಬೆಳೆದ ಕೋತಿಗೆ ಹಾವಿನ ಭಯ ಇರುವುದಿಲ್ಲ. ಬೇರೆ ಕೋತಿ ಹಾವು ನೋಡಿ ಹೆದರುವ ವಿಡಿಯೋ ತೋರಿಸಿದರೆ ಸಾಕು, ಅದೂ ಹೆದರಲು ಕಲಿಯುತ್ತದೆ. ಮಜಾ ಇರುವುದು ಮುಂದೆ. ವಿಡಿಯೋ ಕತ್ತರಿಸಿ ಅಂಟಿಸಿ, ಅದೇ ಕೋತಿ ಹೂವು ನೋಡಿ ಹೆದರುತ್ತಿರುವ ಹಾಗೆ ತೋರಿಸಿದರು. ಹೂವಿನ ಭಯ ಮಾತ್ರ ಅಂಟಲಿಲ್ಲ. ಅಂದರೆ ಹರಿಯುವ, ತೆವಳುವ ಪ್ರಾಣಿಗಳ ಭಯಕ್ಕೆ ನೆಲ ಮೊದಲೇ ಹದವಾಗಿರುತ್ತದೆ, ಬೀಜ ಬಿದ್ದರೆ ಸಾಕು. ಪ್ಲಗ್ ಪಾಯಿಂಟು, ಸ್ಕೂಟರು ಹಲ್ಲಿಗಿಂತ ಎಷ್ಟೋ ಪಾಲು ಅಪಾಯ, ಆದರೆ ಅವುಗಳ ಫೋಬಿಯಾ ಇರುವವರನ್ನು ನೀವು ಎಷ್ಟು ಜನರನ್ನು ನೋಡಿದ್ದೀರಿ?

ಇದನ್ನು ನಾನು ಓದಿದ್ದು ಆಮೇಲೆ. ಅದಕ್ಕೆ ಮುಂಚೆ ಕಣ್ಣಾರೆ ನೋಡಿದೆ. ರಜೆಗೆ ಬಂದಿದ್ದ ಅಕ್ಕನ ಮಗಳು, ಐದು ವರ್ಷದವಳು, ಮೊದಲ ದಿನ ಗೋಡೆ ಮೇಲಿನ ಹಲ್ಲಿಗೆ ಟಾಟಾ ಮಾಡಿದಳು. ಹತ್ತು ದಿನ ನನ್ನ ಜೊತೆ ಇದ್ದು ಹೊರಡುವ ಹೊತ್ತಿಗೆ ಬಚ್ಚಲಿಗೆ ಒಬ್ಬಳೇ ಹೋಗಲ್ಲ ಅಂತ ಹಟ. ಅವಳು ಕಿರುಚುವ ರೀತಿ ಕೂಡ ಥೇಟ್ ನನ್ನದೇ.

ಇಲ್ಲೊಂದು ಹಳೆಯ ಕಥೆ ನೆನಪಾಗುತ್ತದೆ. 1990ರ ದಶಕದಲ್ಲಿ ಬೆಂಗಳೂರಿನಲ್ಲೂ ಸುತ್ತಲಿನ ಊರುಗಳಲ್ಲೂ ಎಷ್ಟೋ ಮನೆಗಳ ಬಾಗಿಲ ಮೇಲೆ, ಗೋಡೆ ಮೇಲೆ ‘ನಾಳೆ ಬಾ’ ಅಂತ ಬರೆದಿರುತ್ತಿದ್ದರು. ರಾತ್ರಿ ಒಂದು ದೆವ್ವ ಬರುತ್ತದೆ, ಮನೆಯವರ ದನಿಯಲ್ಲೇ ಕರೆಯುತ್ತದೆ, ಬಾಗಿಲು ತೆಗೆದವರು ಸಾಯುತ್ತಾರೆ ಅಂತ ಸುದ್ದಿ. ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿದ್ದರೆ ಅದು ಓದಿಕೊಂಡು ವಾಪಸ್ ಹೋಗುತ್ತದೆ, ಮರುದಿನ ಬಂದು ಮತ್ತೆ ಓದಿ ಮತ್ತೆ ಹೋಗುತ್ತದೆ. ಓದು ಬರಹ ಬಲ್ಲ, ಮಾತಿಗೆ ಬೆಲೆ ಕೊಡುವ ದೆವ್ವ, ಪಾಪ. ನಗು ಬರುತ್ತದೆ ಅಲ್ವಾ? ಆದರೆ ಬರೆದವರ ಕಡೆಯಿಂದ ನೋಡಿ. ರಾತ್ರಿ ಬರೆದರು, ಬೆಳಗ್ಗೆ ಎದ್ದರು, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಯಾಕೆ? ಬರೆದಿದ್ದಕ್ಕೆ! ಬರೆಯದಿದ್ದರೂ ಚೆನ್ನಾಗಿಯೇ ಇರುತ್ತಿದ್ದರು ಅಂತ ಗೊತ್ತಾಗಬೇಕಾದರೆ ಒಂದು ರಾತ್ರಿ ಅಳಿಸಿ ನೋಡಬೇಕು. ಆ ಪರೀಕ್ಷೆಗೆ ಯಾರಿಗೆ ಧೈರ್ಯ? ಹಾಗಾಗಿ ಸುಣ್ಣದ ಬರಹ ಮಾಸಿದಂತೆಲ್ಲ ಮತ್ತೆ ತಿದ್ದಿದರು.

ಬುಡವಿಲ್ಲದ ಭಯ ವರ್ಷಗಟ್ಟಲೆ ಬಾಳುವ ಗುಟ್ಟು ಇದೇ. ಹಲ್ಲಿ ಕಂಡ ಕೂಡಲೇ ನಾನು ಹೊರಗೆ ಓಡುತ್ತೇನೆ. ಓಡಿದ ತಕ್ಷಣ ಒಂದು ನಿರಾಳ. ಮಿದುಳು ಆ ನಿರಾಳವನ್ನು ಬಹುಮಾನ ಅಂದುಕೊಳ್ಳುತ್ತದೆ: ‘ಓಡಿದ, ಬದುಕಿದ. ಮುಂದಿನ ಸಲ ಇನ್ನೂ ಬೇಗ ಓಡಿಸೋಣ.’ ಬೀದಿ ನಾಯಿಗೆ ಒಂದು ದಿನ ಬಿಸ್ಕೆಟ್ ಹಾಕಿದರೆ ಮರುದಿನ ಅದೇ ಹೊತ್ತಿಗೆ ಗೇಟಿನ ಹತ್ತಿರ ಬಂದು ಕೂರುತ್ತದಲ್ಲ, ಹಾಗೆ. ಓಡಿದಷ್ಟು ಸಲವೂ ನಾನು ಭಯಕ್ಕೆ ಬಿಸ್ಕೆಟ್ ಹಾಕುತ್ತಿದ್ದೆ. 1947ರಲ್ಲೇ ಹೋಬಾರ್ಟ್ ಮೌರರ್ ಅನ್ನುವ ಮನಶ್ಶಾಸ್ತ್ರಜ್ಞ ಇದನ್ನು ಎರಡು ಹಂತವಾಗಿ ಬಿಡಿಸಿ ಹೇಳಿದ್ದ. ಭಯ ಹುಟ್ಟುವುದು ಒಂದು ದಾರಿಯಲ್ಲಿ, ಉಳಿಯುವುದು ಇನ್ನೊಂದು ದಾರಿಯಲ್ಲಿ. ಹುಟ್ಟಿದ್ದು ಹೇಗೆ ಅಂತ ತಲೆಕೆಡಿಸಿಕೊಂಡು ಕೂರುವುದಕ್ಕಿಂತ ಉಳಿಸುತ್ತಿರುವುದು ಏನು ಅಂತ ನೋಡುವುದು ಲಾಭ.

ನಮ್ಮ ಮನೆಯ ‘ನಾಳೆ ಬಾ’ಗಳನ್ನು ಎಣಿಸಿದೆ. ಟ್ಯೂಬ್‌ಲೈಟ್ ಹತ್ತಿರ ಎರಡು ನವಿಲುಗರಿ. ಕಿಟಕಿಗೆ ಮೊಟ್ಟೆ ಸಿಪ್ಪೆ. ಬಚ್ಚಲಿಗೆ ಹೋಗುವ ಮುಂಚೆ ಬಾಗಿಲಿಗೆ ನಾಲ್ಕು ಸಲ ಬಡಿಯುವುದು. ಕೈಯಲ್ಲಿ ಪೊರಕೆ. ಮತ್ತೆ ‘ಸ್ವಲ್ಪ ನೋಡು, ಇದೆಯಾ’ ಅಂತ ಮನೆಯವರನ್ನು ಮೊದಲು ಕಳಿಸುವುದು. ಹಲ್ಲಿ ಮೈಮೇಲೆ ಬೀಳದೇ ಇದ್ದ ಪ್ರತಿ ದಿನವೂ ಅದರ ಪುಣ್ಯ ಪೊರಕೆಗೇ ಹೋಗುತ್ತಿತ್ತು.

ಇದಕ್ಕೆ ಮದ್ದು ಹೊಸದೇನಲ್ಲ, ನೂರು ವರ್ಷ ದಾಟಿದೆ. 1920ರಲ್ಲಿ ಅಮೆರಿಕದಲ್ಲಿ ಜಾನ್ ವಾಟ್ಸನ್ ಮತ್ತು ರೊಸಾಲಿ ರೇನರ್ ಒಂದು ಹಸುಳೆಯ ಮುಂದೆ ಬಿಳಿ ಇಲಿ ಬಿಟ್ಟು, ಮಗು ಅದನ್ನು ಮುಟ್ಟಲು ಹೋದಾಗಲೆಲ್ಲ ಹಿಂದೆ ಕಬ್ಬಿಣದ ಸರಳಿಗೆ ಸುತ್ತಿಗೆಯಿಂದ ಬಡಿದು, ಇಲಿ ಅಂದರೆ ಅಳುವ ಹಾಗೆ ಮಾಡಿದರು. ಭಯ ತೆಗೆಯದೆ ಮಗುವನ್ನು ಹಾಗೇ ಕಳಿಸಿಬಿಟ್ಟರು. ಇವತ್ತಾದರೆ ಇಂಥ ಪ್ರಯೋಗಕ್ಕೆ ಯಾರೂ ಒಪ್ಪಿಗೆ ಕೊಡುವುದಿಲ್ಲ, ಕೊಡಲೂಬಾರದು. ನನಗೆ ಇಷ್ಟವಾಗುವುದು ಅದಾದ ನಾಲ್ಕು ವರ್ಷಕ್ಕೆ ಮೇರಿ ಕವರ್ ಜೋನ್ಸ್ ಮಾಡಿದ ಕೆಲಸ. ಅವರ ಹತ್ತಿರ ಬಂದ ಪೀಟರ್ ಅನ್ನುವ ಪುಟ್ಟ ಹುಡುಗನಿಗೆ, ಮೂರು ವರ್ಷ ತುಂಬುತ್ತಿದ್ದವನಿಗೆ, ಮೊಲ ಅಂದರೆ ಜೀವ ಹೋಗುತ್ತಿತ್ತು. ಜೋನ್ಸ್ ಅವನಿಗೆ ಇಷ್ಟವಾದ ತಿಂಡಿ ಕೊಟ್ಟು, ಮೊಲದ ಪಂಜರವನ್ನು ದೂರದಲ್ಲಿ ಇಟ್ಟರು. ಸುಮಾರು ಹನ್ನೆರಡು ಅಡಿ. ಅವನು ತಿನ್ನುತ್ತಿದ್ದಾನೆ ಅಂತ ಖಾತ್ರಿಯಾದ ಮೇಲೆ ನಾಲ್ಕು ಅಡಿಗೆ ತಂದರು, ಆಮೇಲೆ ಮೂರು. ಆಮೇಲೆ ಪಂಜರದಿಂದ ಹೊರಗೆ. ಕೊನೆಗೆ ಮೊಲ ಅವನ ಬೆರಳನ್ನು ಮೆಲ್ಲಗೆ ಕಚ್ಚುತ್ತಿದ್ದರೂ ಅವನು ಸುಮ್ಮನೆ ಇದ್ದ. ಇದೇ ದಾರಿಯಲ್ಲಿ ಮುಂದೆ ಹೋಗಿ ಸ್ವೀಡನ್ನಿನ ಲಾರ್ಸ್-ಗೋರನ್ ಓಸ್ಟ್ 1989ರಲ್ಲಿ, ಒಂದೇ ಪ್ರಾಣಿಯ, ಒಂದೇ ವಸ್ತುವಿನ ಭಯವನ್ನು ಒಂದೇ ಬೈಠಕ್‌ನಲ್ಲಿ, ಹೆಚ್ಚೆಂದರೆ ಮೂರು ಗಂಟೆಯಲ್ಲಿ ಬಗೆಹರಿಸುವ ವಿಧಾನ ಬರೆದರು.

ನಮ್ಮಲ್ಲೂ ‘ಎದುರಿಸಬೇಕು’ ಅಂತಾರೆ, ಆದರೆ ಮಾಡುವುದು ಅಂಜುವವನ ಮೇಲೆ ಕಪ್ಪೆ ಎಸೆಯುವ ಕೆಲಸ. ಕಾಲೇಜಿನಲ್ಲಿ ಗೆಳೆಯರು ನನ್ನ ಬ್ಯಾಗಿನಲ್ಲಿ ರಬ್ಬರ್ ಹಲ್ಲಿ ಹಾಕಿದ್ದರು. ಭಯ ಇನ್ನೂ ಜಾಸ್ತಿ ಆಯಿತು, ಬೇರೇನೂ ಆಗಲಿಲ್ಲ. ಈಜು ಕಲಿಸುತ್ತೇನೆ ಅಂತ ಮಗುವನ್ನು ಬಾವಿಗೆ ತಳ್ಳುವ ಮಾವಂದಿರೂ ಇದೇ ಜಾತಿ. ಪೀಟರ್ ಕಥೆಯಲ್ಲಿ ಮೊಲ ಅವನ ಮೇಲೆ ಬಂದು ಬೀಳಲಿಲ್ಲ. ಅವನು ತಿಂಡಿ ತಿನ್ನುತ್ತಾ, ತಡೆದುಕೊಳ್ಳುವಷ್ಟೇ ಹತ್ತಿರ ಅದು ಬಂತು.

ನಾನು ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಂಡೆ. ಎರಡು ಕಾಲಂ: ‘ಅಂದುಕೊಂಡಿದ್ದು’, ‘ಆಗಿದ್ದು’. ಇದು ನನ್ನ ಉಪಾಯ ಅಲ್ಲ. ಮಿಶೆಲ್ ಕ್ರಾಸ್ಕೆ ಅವರಂಥ ಈಗಿನ ಸಂಶೋಧಕರು ಹೇಳುವುದೇ ಇದನ್ನು. ಅಭ್ಯಾಸ ಮಾಡುವಾಗ ಭಯ ಕಮ್ಮಿ ಆಯಿತೋ ಇಲ್ಲವೋ ಅನ್ನುವುದು ಅಷ್ಟು ಮುಖ್ಯವಲ್ಲ, ನೀವು ಅಂದುಕೊಂಡಿದ್ದು ಸುಳ್ಳಾಯಿತೋ ಇಲ್ಲವೋ ಅದು ಮುಖ್ಯ. ಅದಕ್ಕೆ ಮುಂಚೆಯೇ ಬರೆದಿಡಬೇಕು, ಇಲ್ಲವಾದರೆ ಮನಸ್ಸು ಆಮೇಲೆ ‘ನಂಗೆ ಮೊದಲೇ ಗೊತ್ತಿತ್ತು’ ಅನ್ನುತ್ತದೆ.

ಮೊದಲು ಮೊಬೈಲಿನಲ್ಲಿ ಹಲ್ಲಿ ಫೋಟೋ. ಫೋಟೋ ಮೇಲೆ ಬೆರಳಿಡಲು ಮೂರು ದಿನ ಬೇಕಾಯಿತು, ನಗಬೇಡಿ. ಆಮೇಲೆ ವಿಡಿಯೋ. ಆಮೇಲೆ ಬಚ್ಚಲಿನ ಹೊಸ್ತಿಲಲ್ಲಿ, ಪೊರಕೆ ಇಲ್ಲದೆ, ಎರಡು ನಿಮಿಷ. ಅಂದುಕೊಂಡಿದ್ದು: ‘ನನ್ನ ಕಡೆ ಹಾರುತ್ತದೆ. ನೂರಕ್ಕೆ ತೊಂಬತ್ತು.’ ಆಗಿದ್ದು: ‘ಗೀಸರ್ ಹಿಂದೆ ಓಡಿತು.’ ಮರುದಿನ ಮತ್ತೆ ತೊಂಬತ್ತು, ಮತ್ತೆ ಗೀಸರ್ ಹಿಂದೆ. ಆರು ದಿನ ಇದೇ. ಏಳನೇ ದಿನ ನಾನು ಎಂಬತ್ತು ಅಂತ ಬರೆದೆ. ನಿಂತುಕೊಂಡಾಗ ಆಗುವುದನ್ನು ಬಾಯಿಬಿಟ್ಟು ಹೇಳುವುದೂ ಸಹಾಯ ಮಾಡುತ್ತದೆ. ಲಾಸ್ ಏಂಜಲೀಸಿನಲ್ಲಿ ಜೇಡಕ್ಕೆ ಹೆದರುವವರ ಮೇಲೆ ಇದನ್ನು ಪರೀಕ್ಷೆ ಮಾಡಿ 2012ರಲ್ಲಿ ಪ್ರಕಟಿಸಿದ್ದಾರೆ. ‘ಆ ಅಸಹ್ಯ ಜೇಡ ನನ್ನ ಮೇಲೆ ಹಾರುತ್ತೆ ಅಂತ ಭಯ ಆಗ್ತಿದೆ’ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದವರ ಕೈ ಬೆವರು ಒಂದು ವಾರದ ನಂತರ ಉಳಿದವರಿಗಿಂತ ಕಮ್ಮಿ ಇತ್ತು. ‘ಏನೂ ಇಲ್ಲ, ಏನೂ ಇಲ್ಲ’ ಅಂತ ಜಪ ಮಾಡುವುದಕ್ಕಿಂತ ಇದು ವಾಸಿ. ಬಚ್ಚಲಿನಲ್ಲಿ ಒಬ್ಬರೇ ನಿಂತು ಮಾತಾಡುವುದನ್ನು ಮನೆಯವರು ಕೇಳಿಸಿಕೊಂಡರೆ ವಿವರಿಸುವುದು ಕಷ್ಟ, ಅದೊಂದು ಇದೆ.

ಹದಿನೆಂಟನೇ ದಿನ ಹಲ್ಲಿ ನಿಜವಾಗಿಯೂ ಬಿತ್ತು. ಮೇಲಿನಿಂದ, ನನ್ನ ಬಲಗಾಲಿನ ಮೇಲೆ. ತಣ್ಣಗೆ, ಒದ್ದೆ ಎಲೆ ಬಿದ್ದ ಹಾಗೆ. ನಾನು ಬೀದಿಗೆ ಕೇಳುವ ಹಾಗೆ ಕಿರುಚಿದೆ. ಅದು ನನಗಿಂತ ಗಾಬರಿಯಾಗಿ ಬಕೆಟ್ ಹಿಂದೆ ನುಗ್ಗಿತು, ಬಾಲ ಕಳಚಿ ನೆಲದ ಮೇಲೆ ಒದ್ದಾಡುತ್ತಿತ್ತು. (ಹಿಡಿಯಲು ಬಂದವರು ಬಾಲ ನೋಡುತ್ತಾ ನಿಲ್ಲಲಿ ಅಂತ ಹಲ್ಲಿ ಮಾಡುವ ಉಪಾಯ ಅದು, ಬಾಲ ಮತ್ತೆ ಬೆಳೆಯುತ್ತದೆ.) ನಾನು ನಿಂತೇ ಇದ್ದೆ. ಹೃದಯ ಒಡೆಯಲಿಲ್ಲ. ಕಾಲು ತೊಳೆದುಕೊಂಡೆ. ಕೈ ನಡುಗುತ್ತಿದ್ದಾಗಲೇ ನೋಟ್‌ಬುಕ್ ತೆಗೆದರೆ, ಅಷ್ಟು ದಿನ ನಾನು ಮೊದಲ ಕಾಲಂನಲ್ಲಿ ತಪ್ಪು ಭಯ ಬರೆಯುತ್ತಿದ್ದೆ ಅಂತ ಹೊಳೆಯಿತು. ನನ್ನ ನಿಜವಾದ ಭಯ ‘ಹಲ್ಲಿ ಬೀಳುತ್ತದೆ’ ಅನ್ನುವುದಾಗಿರಲಿಲ್ಲ. ‘ಬಿದ್ದರೆ ನನ್ನ ಕೈಲಿ ತಡೆದುಕೊಳ್ಳಲು ಆಗುವುದಿಲ್ಲ’ ಅನ್ನುವುದಾಗಿತ್ತು. ಅದು ಸುಳ್ಳಾದದ್ದು ಹಲ್ಲಿ ಬೀಳದ ಹದಿನೇಳು ದಿನಗಳಲ್ಲಿ ಅಲ್ಲ, ಬಿದ್ದ ಆ ಒಂದು ದಿನ.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಎರಡು ತಿಂಗಳ ನಂತರ ಸಾಗರದ ಹತ್ತಿರದ ಅಜ್ಜಿ ಮನೆಗೆ ಹೋದಾಗ, ಹಂಚಿನ ಮಾಡಿನ ಕೆಳಗೆ ಮಲಗಿ ಮೇಲೆ ನೋಡಿದರೆ ತೊಲೆಯ ಮೇಲೆ ಮೂರು. ಎದೆ ಢವಢವ, ಮೊದಲಿನ ಹಾಗೇ. ‘ಎಲ್ಲಾ ವೇಸ್ಟ್ ಆಯ್ತು’ ಅಂತ ಅನ್ನಿಸಿತು. ಆದರೆ ಇದು ಲೆಕ್ಕದೊಳಗಿನ ಮಾತೇ. ಹಳೆಯ ಭಯ ಅಳಿಸಿಹೋಗುವುದಿಲ್ಲ, ಅದರ ಪಕ್ಕದಲ್ಲಿ ಹೊಸ ಪಾಠ ಒಂದು ಕೂರುತ್ತದೆ, ಅಷ್ಟೇ. ಅಳಿಸಿಹೋದಂತೆ ಕಂಡ ಕಲಿಕೆ ಬಿಡುವಿನ ನಂತರ ತಾನಾಗಿ ತಲೆಯೆತ್ತುವುದನ್ನು ರಷ್ಯಾದ ವಿಜ್ಞಾನಿ ಪಾವ್ಲೋವ್ ತನ್ನ ಪ್ರಯೋಗದ ನಾಯಿಗಳಲ್ಲೇ ನೋಡಿದ್ದ. ಹೊಸ ಪಾಠವನ್ನು ಕಲಿತದ್ದು ಬೆಂಗಳೂರಿನ ಬಚ್ಚಲಲ್ಲಿ. ಸಾಗರದ ತೊಲೆಗೆ ಅದು ಗೊತ್ತಿಲ್ಲ. ಅದಕ್ಕೇ ಅಭ್ಯಾಸವನ್ನು ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ ಮಾಡಿ ಅನ್ನುವುದು. ಅಜ್ಜಿ ಮನೆಯಲ್ಲಿ ಎರಡು ರಾತ್ರಿ ಸಾಕಾಯಿತು, ಹದಿನೆಂಟು ಬೇಕಾಗಲಿಲ್ಲ.

ಎಲ್ಲ ಭಯಕ್ಕೂ ಇದೇ ಕಷಾಯ ಅಲ್ಲ. ಸೂಜಿ, ರಕ್ತ ಕಂಡರೆ ತಲೆ ಸುತ್ತಿ ಬೀಳುವವರಿದ್ದಾರಲ್ಲ, ಅವರ ಮೈ ಮಾಡುವುದೇ ಬೇರೆ. ಹಲ್ಲಿ ಕಂಡರೆ ನನ್ನ ಬಿಪಿ ಏರುತ್ತದೆ. ಅವರದು ಒಮ್ಮೆ ಏರಿ ದಬಕ್ಕನೆ ಇಳಿಯುತ್ತದೆ. ಅವರಿಗೆ ‘ರಿಲ್ಯಾಕ್ಸ್ ಆಗಿ, ಮೈ ಸಡಿಲ ಬಿಡಿ’ ಅಂದರೆ ಬೀಳುವುದು ಇನ್ನೂ ಬೇಗ. ಅವರು ಮೈ ಬಿಗಿಹಿಡಿಯಬೇಕು. ಮೊದಲೇ ಹೇಳಿದ ಓಸ್ಟ್ ಅವರದೇ ಉಪಾಯ: ತೋಳು, ಹೊಟ್ಟೆ, ಕಾಲಿನ ಸ್ನಾಯುಗಳನ್ನು ಹತ್ತು ಹದಿನೈದು ಸೆಕೆಂಡು, ಮುಖ ಬಿಸಿಯಾಗುವವರೆಗೆ ಬಿಗಿಹಿಡಿಯುವುದು, ಅರ್ಧ ನಿಮಿಷ ಮಾಮೂಲಿಗೆ ಬರುವುದು, ಹೀಗೆ ಐದು ಸಲ. ಸೂಜಿ ಚುಚ್ಚುವ ಕೈಯನ್ನು ಮಾತ್ರ ಸಡಿಲ ಬಿಡಬೇಕು. ಲ್ಯಾಬಿನಲ್ಲಿ ‘ನಾನು ಬೀಳ್ತೀನಿ, ಮಲಗಿಸಿ ತೆಗೀರಿ’ ಅಂತ ಮೊದಲೇ ಹೇಳುವುದರಲ್ಲಿ ಯಾವ ಅವಮಾನವೂ ಇಲ್ಲ. ಇನ್ನು, ಕಾರಣವೇ ಇಲ್ಲದೆ ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟುವ ಗಾಬರಿ, ಮನೆಯಿಂದ ಹೊರಗೇ ಹೋಗಲು ಆಗದ ಸ್ಥಿತಿ, ಕೆಟ್ಟ ಘಟನೆಯೊಂದರ ನಂತರ ಹಿಡಿದ ಭಯ, ಇವನ್ನು ನೋಟ್‌ಬುಕ್ ಇಟ್ಟುಕೊಂಡು ಒಬ್ಬರೇ ಬಿಡಿಸಲು ಹೋಗಬೇಡಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416, ದುಡ್ಡಿಲ್ಲ, ದಿನದ ಇಪ್ಪತ್ನಾಲ್ಕು ಗಂಟೆ, ಕನ್ನಡದಲ್ಲೇ ಮಾತಾಡುತ್ತಾರೆ.

ಹಲ್ಲಿ ಆದ ಮೇಲೆ ಬೇರೆ ಬಾಗಿಲುಗಳ ಮೇಲಿನ ಬರಹ ಕಾಣತೊಡಗಿತು. ಮೀಟಿಂಗಿನಲ್ಲಿ ಇಂಗ್ಲಿಷ್‌ನಲ್ಲಿ ಕೇಳಬೇಕಾದ ಪ್ರಶ್ನೆ: ನಾಳೆ ಬಾ. ಆ ಕೆಲಸಕ್ಕೆ ಅರ್ಜಿ: ನಾಳೆ ಬಾ. ಇವುಗಳಲ್ಲಿ ಪ್ರಾಣಿಯೇ ಇಲ್ಲ, ಇರುವುದು ನಾಲ್ಕು ಜನ ನಗುತ್ತಾರೆ ಅನ್ನುವ ಲೆಕ್ಕ ಒಂದೇ. ಆದರೆ ಯಂತ್ರ ಅದೇ. ತಪ್ಪಿಸಿಕೊಂಡೆ, ನಿರಾಳವಾಯಿತು, ಬಿಸ್ಕೆಟ್ ಹಾಕಿದೆ.

ಗಾಂಧಿ ಲಂಡನ್ನಿನಿಂದ ಬ್ಯಾರಿಸ್ಟರ್ ಆಗಿ ಬಂದು ಬೊಂಬಾಯಿಯ ಸಣ್ಣ ದಾವೆಗಳ ಕೋರ್ಟಿನಲ್ಲಿ ಮೊದಲ ಕೇಸಿಗೆ ನಿಂತಾಗ, ಎದುರು ಪಕ್ಷದ ಸಾಕ್ಷಿಗೆ ಒಂದು ಪ್ರಶ್ನೆ ಕೇಳಲೂ ಬಾಯಿ ಬರಲಿಲ್ಲ. ತಲೆ ಸುತ್ತಿತು, ಕೋರ್ಟೇ ತಿರುಗಿದ ಹಾಗಾಯಿತು, ಕೂತುಬಿಟ್ಟರು. 30 ರೂಪಾಯಿ ಫೀಸು ವಾಪಸ್ ಕೊಟ್ಟು ಬೇರೆ ವಕೀಲರನ್ನು ಇಟ್ಟುಕೊಳ್ಳಿ ಅಂದರು. ಇದನ್ನು ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. 1893ರಲ್ಲಿ ಪ್ರಿಟೋರಿಯಾದಲ್ಲಿ ಅಲ್ಲಿನ ಭಾರತೀಯರನ್ನು ಸೇರಿಸಿ ಅವರು ಮಾತಾಡಿದ್ದು, ಅವರ ಮಾತಿನಲ್ಲೇ ಹೇಳುವುದಾದರೆ, ಬದುಕಿನ ಮೊದಲ ಸಾರ್ವಜನಿಕ ಭಾಷಣ. ನನಗೆ ಇದರಲ್ಲಿ ಕಣ್ಣಿಗೆ ಬೀಳುವುದು ಧೈರ್ಯ ಅಲ್ಲ, ಸಿದ್ಧತೆ. ವ್ಯಾಪಾರದಲ್ಲಿ ಸತ್ಯ ಅನ್ನುವ ವಿಷಯ, ತಮಗೆ ಗೊತ್ತಿದ್ದದ್ದು, ತಯಾರಿ ಮಾಡಿಕೊಂಡೇ ಹೋಗಿದ್ದರು. ಕೇಳಲು ಕೂತವರು ಹೆಚ್ಚಾಗಿ ವ್ಯಾಪಾರಿಗಳೇ. ಪೀಟರನ ಹನ್ನೆರಡು ಅಡಿ ದೂರದ ಮೊಲ ಇದ್ದ ಹಾಗೆ.

ನನ್ನ ಈಗಿನ ಬಾಗಿಲು ಕಾರು. ಲೈಸೆನ್ಸ್ ಬಂದು ಒಂಬತ್ತು ವರ್ಷ, ಓಡಿಸಿದ್ದು ಸೊನ್ನೆ. ಕಳೆದ ಭಾನುವಾರ ಬೆಳಗ್ಗೆ ಆರಕ್ಕೆ, ಭಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಲೇಔಟಿನ ಹಿಂದಿನ ಖಾಲಿ ರಸ್ತೆಗೆ ಹೋದೆ. ಬಾಯಿ ಹಾಕಬೇಡಿ, ಕೇಳಿದರೆ ಮಾತ್ರ ಹೇಳಿ ಅಂತ ಅವರಿಗೆ ಮೊದಲೇ ಹೇಳಿದ್ದೆ. ಇಳಿದ ಮೇಲೆ ಬಾನೆಟ್ ಮೇಲೇ ನೋಟ್‌ಬುಕ್ ಇಟ್ಟುಕೊಂಡು ಬರೆದೆ.

ಅಂದುಕೊಂಡಿದ್ದು: ‘ಉಬ್ಬಿನ ಹತ್ತಿರ ಗಾಡಿ ಆಫ್ ಆಗುತ್ತದೆ. ಹಿಂದಿನವರು ಇಳಿದು ಬಂದು ಬೈಯುತ್ತಾರೆ. ನೂರಕ್ಕೆ ಎಂಬತ್ತೈದು.’

ಆಗಿದ್ದು: ‘ಮೂರು ಸಲ ಆಫ್ ಆಯಿತು. ಹಿಂದೆ ಇದ್ದದ್ದು ಹಾಲಿನ ವ್ಯಾನು. ಒಂದು ಹಾರ್ನ್ ಹೊಡೆದು, ಪಕ್ಕದಿಂದ ತಿರುಗಿಸಿಕೊಂಡು ಹೋದ. ಭಾವ ಕಿಟಕಿ ಆಚೆ ನೋಡುತ್ತಾ ನಗು ತಡೆದುಕೊಂಡರು. ಮುಂದಿನ ವಾರ: ಮುಖ್ಯ ರಸ್ತೆಯ ತಿರುವಿನವರೆಗೆ.’